ಎರಡನೇ ಸೀಟು

ಮುಖ ನೋಡಿ ಜನರನ್ನು ಗುರುತಿಸುವ ಅಭ್ಯಾಸ ಬಸವಕುಮಾರನಿಗೆ ಎಂಟು ತಿಂಗಳಿಂದ ತಪ್ಪಿಹೋಗಿತ್ತು. ಅವನು ಕೊಂಡ ಹಳದಿ ಸ್ಪೋರ್ಟ್ಸ್ ಕಾರಿನೊಳಗೆ ಕೂತರೆ ಅವನ ಕಣ್ಣು ಬೀದಿನಾಯಿಯ ಕಣ್ಣಿನ ಮಟ್ಟಕ್ಕೆ ಇಳಿಯುತ್ತಿತ್ತು. ಅಲ್ಲಿಂದ ಕಾಣುವ ಬಿಳಿಗೆರೆ ಅವನು ಹುಟ್ಟಿ ಬೆಳೆದ ಬಿಳಿಗೆರೆಯೇ ಅಲ್ಲ. ಅಲ್ಲಿರುವುದು ಮೊಣಕಾಲುಗಳು, ಪಂಚೆಯ ಅಂಚುಗಳು, ಸೀರೆಯ ಫಾಲುಗಳು, ಎಮ್ಮೆಯ ಕೆಚ್ಚಲು, ಸೈಕಲ್ಲಿನ ಪೆಡಲು. ಅಂಗಡಿ ನಂಜುಂಡಪ್ಪನ ಎಡಗಾಲಿನಲ್ಲಿ ಆರು ಬೆರಳಿವೆ ಎಂಬುದು ಐವತ್ತು ವರ್ಷ ಒಟ್ಟಿಗೆ ಬೆಳೆದರೂ ಗೊತ್ತಾಗಿರಲಿಲ್ಲ, ಈ ಕಾರು ಕೊಂಡ ವಾರದಲ್ಲೇ ಗೊತ್ತಾಯಿತು. ಗೊತ್ತಾದ ಮೇಲೆ ನಂಜುಂಡಪ್ಪನ ಮುಖ ನೋಡಿ ಮಾತಾಡುವುದೇ ಕಷ್ಟವಾಗಿ, ಕಣ್ಣು ತಾನಾಗಿ ಕೆಳಗಿಳಿಯುತ್ತಿತ್ತು. ಇವತ್ತು ಬೆಳಿಗ್ಗೆ ಹೆಂಡತಿ ಸರ್ವಮಂಗಳ ಊಟದ ಡಬ್ಬಿ ಹಿಡಿದು ಗೇಟಿನ ಹತ್ತಿರ ನಿಂತಾಗಲೂ ಅವನಿಗೆ ಕಂಡದ್ದು ನೀಲಿ ಸೀರೆಯ ನೆರಿಗೆ ಮತ್ತು ಎರಡು ಕೈ. ಡಬ್ಬಿ ಕೊಡಬೇಕಾದರೆ ಅವಳು ರಂಗೋಲಿ ಬಿಡುವವಳ ಹಾಗೆ ಬಗ್ಗಬೇಕು. ಬಗ್ಗಿ, ಕಿಟಕಿಯಿಂದ ಡಬ್ಬಿ ತೂರಿಸಿ, ಮುಖ ಪೂರ್ತಿ ಕಾಣುವ ಮೊದಲೇ ನೆಟ್ಟಗಾಗಿಬಿಡುತ್ತಾಳೆ. "ಇವತ್ತು ಸಂಪಿಗೆಗೆ ಹೋಗ್ಬತ್ತೀನಿ ಕಣ್ರೀ, ಅಕ್ಕನ ಮನೆಗೆ. ಸಾಯಂಕಾಲ ಬಂದ್ಬುಡ್ತೀನಿ," ಎಂದಿತು ಮೇಲಿನಿಂದ ಅವಳ ದನಿ. ಸಂಪಿಗೆಗೆ ಹೋಗಬೇಕಾದರೆ ಮೊದಲು ತಿಪಟೂರಿಗೆ ಹೋಗಿ ತುರುವೇಕೆರೆ ಬಸ್ಸು ಹಿಡಿಯಬೇಕು. ಅವನು ಹೊರಟಿರುವುದೂ ತಿಪಟೂರಿಗೇ, ಕೊಬ್ಬರಿ ಮಂಡಿಗೆ. ಅವನ ಎಡಗಡೆ ಸೀಟು ಖಾಲಿ ಇದೆ. ಇದೆಲ್ಲ ಇಬ್ಬರಿಗೂ ಗೊತ್ತು. ಬಸವಕುಮಾರ "ಹ್ಞೂಂ" ಎಂದು ಗೇಟು ದಾಟಿದ.

ಒಂದು "ಬಾ" ಎನ್ನುವುದಕ್ಕೆ ಏನಾಗಿತ್ತು ರೋಗ ಎಂದು ಬೀದಿಯ ತಿರುವಿನಲ್ಲೇ ಅವನು ತನ್ನನ್ನು ಬೈದುಕೊಂಡ. ಬೈದುಕೊಳ್ಳುವುದು ಹೊಸದೇನಲ್ಲ, ದಿನಾ ಈ ತಿರುವಿನಲ್ಲೇ ಬೈದುಕೊಳ್ಳುತ್ತಾನೆ. ಕಾರು ಮನೆಗೆ ಬಂದ ದಿನ ಸರ್ವಮಂಗಳಳೇ ಅದಕ್ಕೆ ಆರತಿ ಎತ್ತಿದ್ದಳು, ಬಾನೆಟ್ಟಿಗೆ ವಿಭೂತಿ ಹಚ್ಚಿದ್ದಳು, ಚಕ್ರಕ್ಕೆ ನಿಂಬೆಹಣ್ಣು ಇಟ್ಟಿದ್ದಳು. ನಿಂಬೆಹಣ್ಣು ಇಡಲು ಕೂತವಳು ಕಾರಿಗಿಂತ ಎತ್ತರ ಕಂಡದ್ದಕ್ಕೆ ಬೀದಿಯವರೆಲ್ಲ ನಕ್ಕಿದ್ದರು. "ಮೊದ್ಲು ಮನೆಯವ್ರನ್ನ ಕೂರಿಸ್ಕೊಂಡು ಒಂದು ರೌಂಡ್ ಹೋಗ್ಬನ್ನಿ ಸಾವ್ಕಾರ್ರೆ," ಎಂದು ಯಾರೋ ಕೂಗಿದಾಗ ಇವನ ಬಾಯಿಂದ, ಯಾಕೆಂದು ಇವತ್ತಿಗೂ ತಿಳಿಯದು, "ರಾಹುಕಾಲ ಕಳೀಲಿ ಇರಿ," ಎಂಬ ಮಾತು ಹೊರಟಿತು. ಆಗ ರಾಹುಕಾಲ ಇತ್ತೋ ಇಲ್ಲವೋ ಶಿವನೇ ಬಲ್ಲ. ಸರ್ವಮಂಗಳ ಆರತಿ ತಟ್ಟೆ ಒಳಗಿಟ್ಟು ಬಂದು ಸುಮ್ಮನೆ ನಕ್ಕಳು. ಆ ರಾಹುಕಾಲ ಎಂಟು ತಿಂಗಳಾದರೂ ಕಳೆದಿರಲಿಲ್ಲ. ಅವಳು ಒಂದು ಸಲವೂ ಕೇಳಲಿಲ್ಲ. ಕೇಳಿದ್ದರೆ ಜಗಳವಾದರೂ ಆಗುತ್ತಿತ್ತು, ಜಗಳವಾಗಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಕೇಳದೆ ಇರುವವಳಿಗೆ ಏನೇನು ಗೊತ್ತಿರಬಹುದು ಎಂಬ ಭಯ ಮಾತ್ರ ಅವನ ಜೊತೆ ದಿನಾ ತಿಪಟೂರಿಗೆ ಹೋಗಿಬರುತ್ತಿತ್ತು.

ಭಯಕ್ಕೆ ಕಾರಣವಿತ್ತು. ಕಾರು ಕೊಂಡದ್ದು ಯಾಕೆಂದು ಊರಿಗೆಲ್ಲ ಅವನು ಹೇಳಿಕೊಂಡು ತಿರುಗಿದ್ದು ಶುದ್ಧ ಸುಳ್ಳು. "ಚಿಕ್ಕಂದಿನ ಆಸೆ ಕಣ್ರಪ್ಪ, ಇಂಥದ್ದೊಂದು ಓಡಿಸ್ಬೇಕು ಅಂತ," ಎಂದಿದ್ದ. ಚಿಕ್ಕಂದಿನಲ್ಲಿ ಅವನಿಗಿದ್ದ ಆಸೆ ಮಂಡಿಯ ತಕ್ಕಡಿಯ ಮೇಲೆ ಕೂತು ಜೀಕುವುದು, ಅಷ್ಟೇ. ವೇಗವೆಂದರೆ ಈಗಲೂ ಅವನಿಗೆ ಬೆವರು ಬರುತ್ತದೆ. ನಿಜ ಏನೆಂದರೆ ಇಪ್ಪತ್ತು ವರ್ಷ ಅವನ ಹತ್ತಿರ ಒಂದು ಬಿಳಿ ಸುಮೋ ಇತ್ತು, ಮತ್ತು ಊರಿನಲ್ಲಿ ದೊಡ್ಡ ಗಾಡಿ ಇಟ್ಟುಕೊಂಡವನಿಗೆ ತನ್ನದೆಂಬ ದಾರಿ ಇರುವುದಿಲ್ಲ. "ಹೆಂಗೂ ಹೋಯ್ತಿದ್ದೀರಲ್ಲ," ಎಂದು ಒಬ್ಬರು ಹತ್ತಿದರೆ ಅವರ ಹಿಂದೆ ನಾಲ್ವರು. ಬಾಣಂತಿಯರು, ಬೀಗರು, ಮದುವೆಯ ಕೊಳಗ, ಹರಕೆಯ ಹೋತ, ಪರೀಕ್ಷೆ ಬರೆಯುವ ಹುಡುಗಿಯರು, ಅವರ ಚಿಂತೆಗೆ ಜೊತೆಯಾಗಿ ಅವರ ಅಜ್ಜಿಯರು. ಹಾಸನದ ಆಸ್ಪತ್ರೆಯಲ್ಲಿ ತೀರಿಕೊಂಡ ಒಬ್ಬ ಯಜಮಾನರನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಬರುವಾಗ, ಅವರ ಮಗ ಅಳು ನಿಲ್ಲಿಸಿ, "ಹೆಂಗೂ ಹೋಯ್ತಿದ್ದೀವಲ್ಲಣ್ಣ," ಎಂದು ಅರಸೀಕೆರೆಯಲ್ಲಿ ಈರುಳ್ಳಿ ಮೂಟೆ ಹಾಕಿಸಿಕೊಂಡಿದ್ದ. ಹೀಗಿರುವಾಗ ಬೆಂಗಳೂರಿನಲ್ಲಿ ಹಳೇ ಕಾರು ಮಾರುವವನ ಅಂಗಳದಲ್ಲಿ ಈ ಚಪ್ಪಟೆ ಹಳದಿ ಪ್ರಾಣಿ ಕಂಡಿತು. ಬಾಗಿಲು ತೆಗೆದು ಒಳಗೆ ಬಗ್ಗಿ ನೋಡಿದ. ಹಿಂದಿನ ಸೀಟೇ ಇರಲಿಲ್ಲ. ಆ ಜಾಗದಲ್ಲಿ ಏನೂ ಇರಲಿಲ್ಲ. ಬಸವಕುಮಾರ ಆ ಖಾಲಿ ಜಾಗವನ್ನೇ ನೋಡುತ್ತ ನಿಂತುಬಿಟ್ಟದ್ದು ಕಂಡು ಮಾರುವವನು ನೀರು ತರಿಸಿಕೊಟ್ಟ. ಎರಡನೇ ಸೀಟೂ ಇಲ್ಲದ ಕಾರು ಯಾರೂ ಮಾಡುವುದಿಲ್ಲವಾದ್ದರಿಂದ ಇದನ್ನೇ ಕೊಂಡ. ಅಂದರೆ ಆ ಸೀಟು ಇರುವುದೇ ಒಂದು ತಪ್ಪಿನಿಂದ. ಅದು ಯಾರದ್ದೂ ಅಲ್ಲ, ಸರ್ವಮಂಗಳಳದ್ದೂ ಅಲ್ಲ. ಇದನ್ನು ಅವನು ಯಾರಿಗೂ ಹೇಳುವಂತಿರಲಿಲ್ಲ. ಕಟ್ಟಿಕೊಂಡ ಹೆಂಡತಿಯನ್ನು ಕಂಡರೆ ಅವನಿಗೆ ಪ್ರಾಣ. ಆದರೂ ಗಾಜು ಏರಿಸಿ, ಬೆಲ್ಟು ಒಂದು ತೂತು ಸಡಿಲಿಸಿ, ವಚನವನ್ನು ಸಿನಿಮಾ ಧಾಟಿಯಲ್ಲಿ ಹಾಡಿಕೊಂಡು ಒಬ್ಬನೇ ಹೋಗುವ ಆ ಅರ್ಧ ಗಂಟೆಯೂ ಪ್ರಾಣವೇ ಆಗಿತ್ತು.

ಒಬ್ಬನೇ ಎಂದರೂ ತಮಾಷೆ ನೋಡಿ, ಇಂಥ ಕಾರಿನಲ್ಲಿ ಒಬ್ಬನೇ ಇರಲು ತಿಪಟೂರು ಬಿಡುವುದಿಲ್ಲ. ಪೈಪಿಗೆಂದು ಅಗೆದು ಮುಚ್ಚಿದ ರಸ್ತೆ, ಮುಚ್ಚಿದ್ದು ಕುಸಿದ ರಸ್ತೆ, ಪ್ರತಿಯೊಬ್ಬ ಪ್ರಭಾವಿ ತನ್ನ ಮನೆ ಮುಂದೆ ಹಾಕಿಸಿಕೊಂಡ ಹಂಪು. ಕಾರಿನ ಹೊಟ್ಟೆಗೂ ನೆಲಕ್ಕೂ ಇರುವುದು ನಾಲ್ಕು ಬೆರಳು. ಹಂಪು ಬಂದ ಕೂಡಲೇ ಕಾರನ್ನು ಓರೆ ಮಾಡಿ ಒಂದೊಂದೇ ಚಕ್ರ ಹತ್ತಿಸಬೇಕು. ಓರೆ ಮಾಡಿದರೆ ಎರಡೂ ಕಡೆಯ ಗಾಡಿಗಳು ನಿಲ್ಲಬೇಕು. ನಿಂತವರು ಇಳಿದು ಬಂದು ಬಗ್ಗಿ ಬಗ್ಗಿ ನೋಡುತ್ತಾರೆ. "ಇನ್ನೊಂಚೂರು ಬಲಕ್ಕೆ," "ಬುಡಿ ಬುಡಿ, ಬತ್ತದೆ," "ತಗುಲ್ತು ನೋಡಿ!" ಆ ಕರ್ ಎಂಬ ಸದ್ದು ಕಬ್ಬಿಣದ್ದಲ್ಲ, ತನ್ನದೇ ಹೊಟ್ಟೆಯದ್ದು ಎನ್ನಿಸಿ ಅವನು ಕೂತಲ್ಲೇ ಉಸಿರು ಎಳೆದುಕೊಳ್ಳುತ್ತಿದ್ದ, ಎಳೆದುಕೊಂಡರೆ ಕಾರೂ ಒಂಚೂರು ಮೇಲೇಳುತ್ತದೆ ಎಂಬಂತೆ. ಬಿಳಿಗೆರೆಯ ದೇವಸ್ಥಾನದ ಮುಂದಿನ ಗುಂಡಿಗೆ ಒಂದು ಮುಂಜಾನೆ, ಕಾರಿನ ಹೊಟ್ಟೆ ಉಳಿದರೆ ಸಾಕೆಂದು, ತಾನೇ ತೆಂಗಿನ ಮಟ್ಟೆ ಹೊತ್ತು ಹಾಕಿದ್ದ. ನಂಜುಂಡಪ್ಪ ಅದನ್ನು ಕಂಡು, ಇಂಥವರು ಊರಿಗೆ ಬೇಕು ಎಂದು ಅಂಗಡಿಯಲ್ಲಿ ಹೇಳಿಕೊಂಡು ಕೂತ, ಮುಂದಿನ ಸೋಮವಾರ ಪೂಜಾರಿ ಇವನಿಗೇ ಮೊದಲ ಪ್ರಸಾದ ಕೊಟ್ಟರು. ಅಷ್ಟೊಂದು ನಾಚಿಕೆಯಲ್ಲಿ ತಿಂದ ಪಂಚಕಜ್ಜಾಯ ಅವನು ಬೇರೆ ಕಂಡಿಲ್ಲ. ಎಲ್ಲಕ್ಕಿಂತ ಕಷ್ಟದ್ದು ಮಂಡಿ ಮುಂದೆ ಇಳಿಯುವುದು. ಅದು ಇಳಿಯುವುದಲ್ಲ, ಹುಟ್ಟುವುದು. ಮೊದಲು ಒಂದು ಕಾಲು, ಆಮೇಲೆ ತಲೆ, ನಡುವೆ ಎಲ್ಲೋ ಹೊಟ್ಟೆ ಸಿಕ್ಕಿಕೊಂಡು, ಕಡೆಗೆ ಎರಡೂ ಕೈ ನೆಲಕ್ಕೆ. ಕೊಬ್ಬರಿ ಚೀಲ ಹೊರುವ ಹಮಾಲರು ಚೀಲ ಇಳಿಸಿ ನೋಡುತ್ತಿದ್ದರು. ಈಚೆಗೆ ಅವನು ಫೋನು ಕಿವಿಗಿಟ್ಟು, ಯಾರೂ ಇಲ್ಲದ ಆ ಕಡೆಗೆ "ಆಯ್ತು, ಆಯ್ತು," ಎನ್ನುತ್ತ, ಅವರು ಒಳಗೆ ಹೋಗುವವರೆಗೆ ಕೂತಿರುವುದನ್ನು ಕಲಿತಿದ್ದ.

ಇವತ್ತು ತೋಟದಲ್ಲಿ ಕಾಯಿ ಸುಲಿಯುವವರು ಬಂದಿದ್ದಾರೆಯೇ ನೋಡಿಕೊಂಡು ಅವನು ಮುಖ್ಯರಸ್ತೆಗೆ ಬರುವಷ್ಟರಲ್ಲಿ ಬಿಸಿಲು ಏರಿತ್ತು. ಬಸ್ ಸ್ಟ್ಯಾಂಡಿನ ಕಟ್ಟೆಯ ಮುಂದೆ ಕಾಲುಗಳ ಸಾಲು. ಅದರಲ್ಲಿ ಒಂದು ಜೊತೆ ಕಾಲು ಕಂಡು ಅವನ ಮನಸ್ಸು, ಅಬ್ಬಾ ಎಷ್ಟು ಚೆಂದದ ಪಾದ, ಯಾರವೋ ಎಂದುಕೊಂಡಿತು. ಬೆಳ್ಳಗೆ ಸವೆದ ಕಾಲುಂಗುರ, ಒಂದರ ಮೇಲೊಂದು ಇಟ್ಟು ನಿಂತ ಭಂಗಿ, ಬಿಸಿಲಿಗೆ ಬೆರಳು ಮಡಚಿಕೊಂಡ ರೀತಿ. ಚಕ್ರ ಮುಂದೆ ಉರುಳಿದ ಮೇಲೆ ನೀಲಿ ನೆರಿಗೆ ನೆನಪಾಗಿ ಬ್ರೇಕು ಒತ್ತಿದ. ಕಟ್ಟಿಕೊಂಡ ಹೆಂಡತಿಯ ಕಾಲನ್ನು ಗುರುತಿಸದೆ ಹೋದ ಪಾಪ, ಪರಸ್ತ್ರೀಯದೆಂದು ತಿಳಿದೂ ನೋಡಿ ಸಂತೋಷಪಟ್ಟ ಪಾಪ, ಎರಡರಲ್ಲಿ ಯಾವುದು ದೊಡ್ಡದೆಂದು ತೀರ್ಮಾನವಾಗದೆ ಅವನ ಕಿವಿ ಬಿಸಿಯಾಯಿತು. ಹಿಂದಕ್ಕೆ ಬಂದು ಗಾಜು ಇಳಿಸಿದ. ಕಟ್ಟೆಯ ಮೇಲಿನ ಮಾತೆಲ್ಲ ನಿಂತಿತು. "ಬಾ ಮಂಗಳ, ತಿಪಟೂರು ತನಕ ಬಿಡ್ತೀನಿ," ಎಂದ. ಎಂಟು ತಿಂಗಳಿಂದ ಗಂಟಲಲ್ಲಿದ್ದ ಮಾತು ಎಷ್ಟು ಸುಲಭವಾಗಿ ಬಂತೆಂದು ಅವನಿಗೇ ಆಶ್ಚರ್ಯ. ಮೇಲಿನಿಂದ ಸರ್ವಮಂಗಳಳ ದನಿ ಸಮಾಧಾನವಾಗಿ, ನಯವಾಗಿ ಬಂತು: "ಬೇಡ ಬುಡಿ, ನಿಮಗ್ಯಾಕೆ ತೊಂದ್ರೆ. ಇನ್ನೇನು ಬಸ್ಸು ಬತ್ತದೆ."

ನಿಮಗ್ಯಾಕೆ ತೊಂದರೆ ಎಂಬುದು ಹೊರಗಿನವರಿಗೆ ಹೇಳುವ ಮಾತು. ಕಾಫಿ ಮಾಡಲು ಏಳುವ ನೆಂಟರಿಗೆ, ಬ್ಯಾಂಕಿನ ಮ್ಯಾನೇಜರಿಗೆ. ಅವನು ಗೇರು ಹಾಕುವುದೋ ಬಿಡುವುದೋ ತಿಳಿಯದೆ ಕೂತಿದ್ದಾಗ ಎಡಗಡೆಯ ಬಾಗಿಲು ತೆರೆದುಕೊಂಡು, ಅವರೇಕಾಯಿಯ ಸೊಗಡಿನ ಸಮೇತ ಒಂದು ಚೀಲ ಒಳಗೆ ಬಂತು. ಚೀಲದ ಹಿಂದೆ ಕೆಳಗಿನ ಬೀದಿಯ ಹುಚ್ಚಕ್ಕ, ಎಪ್ಪತ್ತು ದಾಟಿದ ಮುದುಕಿ. "ಅವ್ಳು ಬರ್ದಿದ್ರೆ ನಾನು ಬತ್ತೀನಿ ಕಣಪ್ಪ. ಮಮ್ಮಗಳು ಹಾಸ್ಟೆಲ್ನಾಗವ್ಳೆ, ಅವರೇಕಾಯಿ ಕೊಟ್ಬರ್ಬೇಕು. ಹೆಂಗೂ ಹೋಯ್ತಿದ್ದೀಯಲ್ಲ," ಎಂದು, ಬೀಸುವ ಕಲ್ಲಿನ ಮುಂದೆ ಕೂರುವಂತೆ ಒಂದೇ ಸಲಕ್ಕೆ ಕೂತುಬಿಟ್ಟಳು. ಮೊಣಕಾಲು ಎದೆಗೆ ಬಂತು. "ಮಣೆ ಮ್ಯಾಲೆ ಕುಂತಂಗೈತೆ, ಚೆಂದಾಗೈತೆ," ಎಂದಳು. ಕಟ್ಟೆಯ ಮೇಲೆ ಒಬ್ಬರು ನಕ್ಕರು, ಆಮೇಲೆ ಎಲ್ಲರೂ. ಕನ್ನಡಿಯಲ್ಲಿ ನೀಲಿ ನೆರಿಗೆ ಸಣ್ಣದಾಗುತ್ತ ಹೋಯಿತು; ಅದೂ ನಗುತ್ತಿತ್ತೋ ಏನೋ, ನೆರಿಗೆ ನೋಡಿ ಹೇಳಲಾಗುವುದಿಲ್ಲ.

"ನಿನ್ನೆಂಡ್ರು ಈ ಕಾರಲ್ಲಿ ಒಂದ್ಸಲಾನೂ ಕುಂತಿಲ್ವಂತಲ್ಲ?" ಎಂದು ಹುಚ್ಚಕ್ಕ ಮೊದಲ ಗುಂಡಿ ದಾಟುವ ಮೊದಲೇ ಕೇಳಿದಳು. "ಸೊಂಟ ನೋವು ಕಣಕ್ಕ ಅವಳಿಗೆ," ಎಂದ. "ಯಾವಾಗಿಂದ? ಮೊನ್ನೆ ನಿಮ್ಮ ಕಣದಾಗೆ ಮೂಟೆ ಎತ್ತಿ ಎತ್ತಿ ಇಕ್ತಿದ್ಲಲ್ಲ?" ಅವನು ಹಾರ್ನು ಒತ್ತಿದ. ಎದುರಿಗೆ ಏನೂ ಇರಲಿಲ್ಲ. ಹುಚ್ಚಕ್ಕ ಕಾರಿನ ಗುಂಡಿಗಳನ್ನೆಲ್ಲ ಒಂದೊಂದೇ ಒತ್ತಿ ನೋಡುತ್ತ, ತಣ್ಣನೆ ಗಾಳಿ ಬಂದಾಗ ಸೆರಗು ಹೊದ್ದುಕೊಂಡು, ಈ ಗಾಡಿ ಮುದುಕರಿಗೆ ಹೇಳಿ ಮಾಡಿಸಿದ್ದು, ಬಿದ್ದರೂ ಬೀಳುವುದಕ್ಕೆ ಎತ್ತರವೇ ಇಲ್ಲ ಎಂದು ಹೊಗಳಿದಳು. ಅವನಿಗೆ ಅಳು ಬರುವಂತಾಗಿತ್ತು. ಬಾ ಎಂದದ್ದು ನಿಜ ಮನಸ್ಸಿನಿಂದಲೇ? ಅವಳು ಬೇಡವೆಂದಾಗ ಎದೆಯಲ್ಲಿ ನೋವಿನ ಪಕ್ಕದಲ್ಲೇ ಒಂದು ಸಣ್ಣ ನೆಮ್ಮದಿ ಹೊರಳಿತಲ್ಲ, ಅದನ್ನು ಅವಳು ನಿಂತಲ್ಲಿಂದಲೇ ಕಂಡಳೇ? ಹೀಗೆ ಯೋಚಿಸುತ್ತಿದ್ದವನಿಗೆ ತಿರುವಿನಾಚೆಯ ರಸ್ತೆ ಕಂಡಾಗ ಕಾಲ ಮಿಂಚಿತ್ತು. ಪಕ್ಕದ ಹೊಲದ ರೈತ ಲಕ್ಕಯ್ಯ, ರಸ್ತೆಯ ಈ ಅಂಚಿನಿಂದ ಆ ಅಂಚಿಗೆ ಹುರುಳಿ ಹರಡಿದ್ದ. ಸುಗ್ಗಿಯಲ್ಲಿ ಈ ಕಡೆ ಡಾಂಬರು ರಸ್ತೆಯೇ ಕಣ. ಕಿತ್ತ ಬಳ್ಳಿಯನ್ನು ದಪ್ಪಗೆ ಹಾಸಿ ಅಂಚಿಗೆ ಕಲ್ಲಿಟ್ಟರೆ, ಹೋಗಿಬರುವ ಬಸ್ಸು ಲಾರಿಗಳೇ ಕಾಳು ಬಿಡಿಸಿ ಹೋಗುತ್ತವೆ. ಬೇರೆ ದಿನವಾದರೆ ಬಸವಕುಮಾರ ಇಂಥದ್ದು ಕಂಡರೆ ತೋಟದ ದಾರಿಯಲ್ಲಿ ಸುತ್ತಿ ಹೋಗುತ್ತಿದ್ದ. ಲಕ್ಕಯ್ಯ ಮರದ ನೆರಳಿನಿಂದ ಯಾವ ಗಾಡಿಯೆಂದು ನೋಡದೆಯೇ "ಬನ್ನಿ, ಬನ್ನಿ!" ಎಂದು ಕೈ ಬೀಸುತ್ತಿದ್ದ. ಹಿಂದೆ ಬಸ್ಸಿನ ಹಾರ್ನು ಕೇಳಿತು. ಆ ಬಸ್ಸಿನಲ್ಲಿ ಅವಳಿದ್ದಾಳೆ. "ಹೋಗು ಮತ್ತೆ, ಎಲ್ಲಾ ಗಾಡೀನೂ ಹೋಯ್ತವೆ, ನಿಂದೇನು ಗಾಡಿ ಅಲ್ವಾ?" ಎಂದಳು ಹುಚ್ಚಕ್ಕ. ಬಸವಕುಮಾರ ಹಲ್ಲು ಕಚ್ಚಿ ಹುರುಳಿಯೊಳಕ್ಕೆ ನುಗ್ಗಿದ.

ಬೇರೆ ಗಾಡಿ ಹುರುಳಿಯ ಮೇಲೆ ಹೋಗುತ್ತದೆ, ಇವನದು ಕೆಳಗೆ ಹೋಯಿತು. ಮೂತಿ ಪೊರಕೆಯಾಗಿ ಬಳ್ಳಿಯನ್ನೆಲ್ಲ ಗುಡಿಸಿಕೊಂಡು, ಗುಡಿಸಿದ್ದು ಬಾನೆಟ್ಟಿನ ಮೇಲೇರಿ ಗಾಜು ಮುಚ್ಚಿ, ಉಳಿದದ್ದು ಹೊಟ್ಟೆಯ ಕೆಳಗೆ ತುರುಕಿಕೊಂಡು, ಕಾರು ಮೆತ್ತನೆ ಹಾಸಿಗೆಯ ಮೇಲೆ ಏರಿ ನಿಂತಿತು. ಎಂಟು ತಿಂಗಳಲ್ಲಿ ಮೊದಲ ಬಾರಿಗೆ ಅದು ಎತ್ತರವಾಗಿತ್ತು. ಚಕ್ರ ಸುಮ್ಮನೆ ತಿರುಗಿ, ಸೀದ ವಾಸನೆ ಬಂತು. ಅವನು ಎಂಜಿನ್ನು ಆರಿಸಿದ. "ಅಯ್ಯೋ ನಿಲ್ಸಿ ಸಾವ್ಕಾರ್ರೆ!" ಎಂದು ಲಕ್ಕಯ್ಯ ಕುಡಿಯುವ ನೀರಿನ ಬಿಂದಿಗೆ ಎತ್ತಿಕೊಂಡು ಓಡಿಬಂದು, ಒಣ ಬಳ್ಳಿಗೆ ಬೆಂಕಿ ಹತ್ತೀತೆಂದು ಕೆಳಗೆಲ್ಲ ಸುರಿದ. "ಕಾಳು ಬುಡಿಸ್ಕೊಡಿ ಅಂದ್ರೆ ಕಣಾನೇ ಬಳ್ಕೊಂಡು ಹೊಂಟ್ರಲ್ಲ!" ಹಿಂದೆ ಬಸ್ಸು ನಿಂತಿತು. ಬಸ್ಸಿನಿಂದ ಕಾಲುಗಳು ಇಳಿದವು, ಚಪ್ಪಲಿ, ಬೂಟು, ಬರಿಗಾಲು, ಬೆಳ್ಳಗೆ ಸವೆದ ಕಾಲುಂಗುರ. ಹುಚ್ಚಕ್ಕ ಚೀಲವನ್ನು ಮೊದಲು ಹೊರಗಿಟ್ಟು ಅದನ್ನೇ ಊರಿ ಎದ್ದು ಹೋದಳು. ಫೋನು ಕಿವಿಗಿಡುವ ಸಮಯ ಇದಲ್ಲ. ಬಸವಕುಮಾರ ಇಡೀ ಬಸ್ಸಿನ ಮುಂದೆ, ಒಂದು ಕಾಲು, ತಲೆ, ಆಮೇಲೆ ಹೊಟ್ಟೆ, ಕಡೆಗೆ ನಾಲ್ಕೂ ಕೈಕಾಲು ಹುರುಳಿಯ ಮೇಲೆ ಊರಿ ಹುಟ್ಟಿದ. ತಲೆ ಎತ್ತಿದಾಗ ಎದುರಿಗೆ ನೀಲಿ ನೆರಿಗೆ. ಸರ್ವಮಂಗಳ ಬಗ್ಗಿ ಅವನ ಕಿವಿಯ ಮೇಲಿದ್ದ ಒಂದು ಎಲೆ ತೆಗೆದಳು.

ಬಸ್ಸಿನವರೆಲ್ಲ ಅಂಗಾತ ಮಲಗಿ ಕಾರಿನ ಹೊಟ್ಟೆಯಿಂದ ಬಳ್ಳಿ ಎಳೆದರು. ಎಳೆದಷ್ಟೂ ಬರುತ್ತಿತ್ತು. ಕೆಳಗೆ ಪೂರ್ತಿ ಬರಿದಾದ ಮೇಲೆ ಲಕ್ಕಯ್ಯ, "ಈಗ ತಳ್ಳಾನ. ಸ್ಟೇರಿಂಗ್ ಹಿಡ್ಯಾಕೆ ಯಾರಾನ ಹಗೂರಿರೋರು ಕುಂತ್ಕೊಳ್ಳಿ. ಸಾವ್ಕಾರ್ರೇ, ನೀವು ಬ್ಯಾಡ, ನೀವು ಕುಂತ್ರೆ ತಿರುಗಾ ಹೂತ್ಕತದೆ," ಎಂದ. ಎಲ್ಲರೂ ಒಬ್ಬರನ್ನೊಬ್ಬರು ನೋಡಿದರು. ಸರ್ವಮಂಗಳ ಸೆರಗು ಸೊಂಟಕ್ಕೆ ಸಿಕ್ಕಿಸಿ, ಸ್ಕೂಟರಿನ ಹಿಂದೆ ಕೂರುವವಳ ಹಾಗೆ ಮೊದಲು ಪಕ್ಕಕ್ಕೆ ಕೂತು, ಎರಡೂ ಕಾಲು ಜೋಡಿಸಿ ಒಳಗೆ ತಿರುಗಿಸಿದಳು. ಅಷ್ಟೇ. ಇಷ್ಟು ದಿನ ತಾನು ಪಟ್ಟ ಹೆರಿಗೆ ನೋವೆಲ್ಲ ನೆನೆದು ಬಸವಕುಮಾರ ಬಾಯಿ ಬಿಟ್ಟು ನಿಂತ. ಅವಳಿಗೆ ಓಡಿಸಲು ಬರುತ್ತದೆ, ತೋಟದೊಳಗೆ ಕಾಯಿ ಸಾಗಿಸುವ, ಹೊರಗೆ ಬಾರದ ಹಳೇ ಓಮ್ನಿ ಅವಳ ಕೈಯಲ್ಲೇ ಇರುವುದು. ಆದರೂ ಈ ಸ್ಟೇರಿಂಗಿನ ಹಿಂದೆ ಅವಳ ತಲೆ ಕಾಣುವುದನ್ನು ಅವನು ಕನಸಿನಲ್ಲೂ ಕಂಡಿರಲಿಲ್ಲ. "ಐಸಾ!" ಎಂದು ಎಲ್ಲರೂ ತಳ್ಳಿದರು, ಅವನೂ ತಳ್ಳಿದ. ಕಾರು ಹುರುಳಿಯಿಂದ ಜಾರಿ ಬರೀ ಡಾಂಬರಿಗೆ ಬಂದು, ಗುರ್ ಎಂದು ಎಂಜಿನ್ನು ಎದ್ದು, ಸ್ವಲ್ಪ ದೂರ ಹೋಗಿ ನಿಂತಿತು. ಅವಳು ಇಳಿಯುತ್ತಾಳೆಂದು ಎಲ್ಲರೂ ಕಾದರು. ಅವಳು ಇಳಿಯಲಿಲ್ಲ.

ಬಸವಕುಮಾರ ಏದುಸಿರು ಬಿಡುತ್ತ ಹೋಗಿ, ಮೊಣಕಾಲ ಮೇಲೆ ಕೈಯಿಟ್ಟು ಬಗ್ಗಿದ. ಬಗ್ಗಿದರೆ ಸೊಂಟ ಹಿಡಿಯುತ್ತದೆ ಎಂಬುದು ಆಗ ಗೊತ್ತಾಯಿತು. ಕಿಟಕಿಯಲ್ಲಿ ಅವಳ ಮುಖ ಪೂರ್ತಿಯಾಗಿ ಕಂಡಿತು. ಕೆನ್ನೆ ಕೆಂಪಗಾಗಿತ್ತು, ಮೂಗುತಿಯ ಪಕ್ಕ ಬೆವರು. ಇಳಿ ಎನ್ನಬೇಕೆಂದಿದ್ದವನ ಬಾಯಿಗೆ ಬೇರೆಯೇ ಮಾತು ಬಂತು. "ನಾನು ಆ ಕಡೆಯಿಂದ ಬಂದು ಕೂತ್ಕೊಳ್ಲಾ?"

ಅವಳು ಮುಂದಿನ ರಸ್ತೆ ನೋಡುತ್ತಿದ್ದಳು. "ಬೇಡ ಕಣ್ರೀ."

"ಬೇಜಾರಾಗಿದೆಯಾ ನನ್ಮೇಲೆ?"

"ಇಲ್ಲ ಕಣ್ರೀ. ನೀವು ಯಾಕೆ ಇದನ್ನ ತಂದ್ರಿ ಅಂತ ಅವತ್ತೇ ಗೊತ್ತಾಯ್ತು ನಂಗೆ. ದಿನಾ ಬೆಳಿಗ್ಗೆ ನೀವು ಗಾಜು ಏರಿಸ್ಕೊಂಡು ಹೋಗೋದ ನೋಡ್ತಾ ನಿಂತಿರ್ತಿದ್ದೆ. ಬೇಜಾರಲ್ಲ ಅದು, ಹೊಟ್ಟೆಕಿಚ್ಚು." ಅವಳು ಈಗ ಅವನನ್ನು ನೋಡಿದಳು. ಕಣ್ಣಲ್ಲಿ ನೀರಿತ್ತು, ತುಟಿಯಲ್ಲಿ ತುಂಟತನವೂ ಇತ್ತು. "ಮದ್ವೆ ಆದಾಗಿಂದ ಯಾವ ಊರಿಗಾದ್ರೂ ನಾನೊಬ್ಳೇ ಹೋಗಿದ್ದು ನೋಡಿದ್ದೀರಾ? ಬಸ್ಸಲ್ಲಿ ಹೋದ್ರೂ ಊರೇ ಇರ್ತದೆ ಜೊತೆಗೆ. ಇವತ್ತೊಂದಿನ ಹೋಗ್ಬತ್ತೀನಿ. ನೀವು ಬಸ್ಸಲ್ಲಿ ಹೋಗಿ."

ಗಾಜು ಮೇಲೆ ಬಂತು. ಅವಳ ಮುಖದ ಜಾಗದಲ್ಲಿ ಅವನದೇ ಮುಖ ಬಂದು ನಿಂತಿತು, ಮೀಸೆಯಲ್ಲಿ ಹುರುಳಿ ಸಿಪ್ಪೆ ಸಮೇತ. ಕಾರು ಹೊರಟಿತು.

ಬಸ್ಸಿನಲ್ಲಿ ಕೂರಲು ಜಾಗವಿರಲಿಲ್ಲ, ಆದರೂ ಮೂರು ಜನರ ಸೀಟಿನಲ್ಲಿ ನಾಲ್ಕನೆಯವನಾಗಿ ಅವನನ್ನು ಎಳೆದು ಕೂರಿಸಿಕೊಂಡರು. ತೊಡೆಯ ಮೇಲೆ ಯಾರದೋ ಬ್ಯಾಗು, ಹೆಗಲಿಗೆ ಯಾರದೋ ಮೊಣಕೈ, ಪಕ್ಕದಲ್ಲಿ ಅವರೇಕಾಯಿಯ ಹುಚ್ಚಕ್ಕ. ಪರ್ಸು ಕಾರಿನಲ್ಲೇ ಹೋಗಿದೆ ಎಂದು ಕಂಡಕ್ಟರಿಗೆ ಹೇಳುವಷ್ಟರಲ್ಲಿ ಮುಂದಿನ ಸೀಟಿನವರು, ಹಿಂದಿನ ಸೀಟಿನವರು, ಬಾಗಿಲಲ್ಲಿ ನೇತಾಡುವವರು ಎಲ್ಲರೂ "ಸಾವ್ಕಾರ್ರ ಟಿಕೀಟು ನಂದ್ರಾಗೆ ಹರೀರಿ," ಎಂದು ಕೈ ಚಾಚಿದರು. ಇವರಲ್ಲಿ ಯಾರ್ಯಾರ ಮುಂದೆ ಗಾಜು ಏರಿಸಿಕೊಂಡು ಹೋಗಿದ್ದೆ ಎಂದು ಅವನು ಈಗ ಒಂದೊಂದೇ ಮುಖ ನೋಡಿದ, ಮತ್ತು ನಾಚಿಕೆಯಿಂದ ಕುಗ್ಗಿದ. ಕುಗ್ಗಿದ್ದರಿಂದ ಆದ ಜಾಗಕ್ಕೆ ಇನ್ನೊಬ್ಬರು ಬಂದು ಕೂತರು. ಮುಂದೆ ಗಾಜಿನಲ್ಲಿ ಹಳದಿ ಕಾರು ರೈಲ್ವೆ ಗೇಟಿನ ಹತ್ತಿರದ ದೊಡ್ಡ ಹಂಪನ್ನು ಸಮೀಪಿಸುತ್ತಿತ್ತು. ಇಡೀ ಬಸ್ಸು ಎದ್ದು ನಿಂತು ನೋಡಿತು. ಕಾರು ನಿಧಾನವಾಗಿ ಓರೆಯಾಯಿತು, ಒಂದು ಚಕ್ರ ಏರಿತು, ಇನ್ನೊಂದು ಏರಿತು, ಎಲ್ಲೂ ತಗುಲದೆ ಆಚೆಗಿಳಿದು, ಇವನು ಎಂದೂ ಹೋಗದಷ್ಟು ಜೋರಾಗಿ, ತುರುವೇಕೆರೆಯ ಕಡೆಗೂ ತಿರುಗದೆ ನೇರವಾಗಿ ಎಲ್ಲಿಗೋ ಹೋಯಿತು. ಬಸ್ಸು ಚಪ್ಪಾಳೆ ತಟ್ಟಿತು.

"ಅವ್ಳ ಅಕ್ಕನ ಮನೆ ತುರುವೇಕೆರೆ ಕಡೆ ಅಲ್ವೇನ್ಲಾ?" ಎಂದಳು ಹುಚ್ಚಕ್ಕ. "ಎಲ್ಲಿಗೆ ಹೋಯ್ತೀನಿ ಅಂದ್ಲು?"

"ಹೇಳ್ಲಿಲ್ಲ ಕಣಕ್ಕ," ಎಂದ ಬಸವಕುಮಾರ. ಕಾರು ಕಾಣದಾದ ಮೇಲೂ ಅವನು ಕತ್ತು ಉದ್ದ ಮಾಡಿ ಅತ್ತಲೇ ನೋಡುತ್ತಿದ್ದ. "ನಾನೂ ಕೇಳ್ಲಿಲ್ಲ."